ಜೆಸಿಬಿ ಪಕ್ಕ ನಿಂತ ಸೈಕಲ್

ಆಗಸ್ಟ್ 18, ಸೋಮವಾರ

ಇವತ್ತೂ ಬಸ್ಸಿನಿಂದ ಮಧ್ಯದಲ್ಲೇ ಇಳಿದೆ. ಎಂ.ಎಸ್. ಪಾಳ್ಯದಲ್ಲಿ ಬಸ್ಸು ತುಂಬಿತು. ನನ್ನ ಬ್ಯಾಗು ಯಾರದೋ ಹೊಟ್ಟೆಗೆ ಒತ್ತುತ್ತಿತ್ತು, ಇನ್ಯಾರದೋ ಮೊಣಕೈ ನನ್ನ ಕಿವಿಯ ಪಕ್ಕ. ಮೊದಲು ಅಂಗೈ ಬೆವರುತ್ತದೆ. ಆಮೇಲೆ ಎದೆ ಹೊಡೆದುಕೊಳ್ಳುತ್ತದೆ. ಆಮೇಲೆ ಉಸಿರು ಅರ್ಧಕ್ಕೇ ನಿಂತುಬಿಡುತ್ತದೆ. "ಇಳೀತೀನಿ, ಇಳೀತೀನಿ" ಅಂದೆ.

"ಚಿಕ್ಕಬಾಣಾವರಕ್ಕೆ ಟಿಕೆಟ್ ತಗೊಂಡು ಇಲ್ಲೇನ್ ಇಳೀತೀಯಪ್ಪ?" ಅಂದರು ಕಂಡಕ್ಟರ್.

ಇಳಿದುಬಿಟ್ಟೆ. ಸ್ಟಾಪಿನಲ್ಲಿ ಮಧ್ಯಾಹ್ನದವರೆಗೆ ಕೂತಿದ್ದು ಮನೆಗೆ ಬಂದೆ. ಅಮ್ಮನಿಗೆ ಕ್ಲಾಸ್ ಕ್ಯಾನ್ಸಲ್ ಅಂದೆ. ಅಮ್ಮ ನಂಬಿದಳು. ಅನ್ನ ಹಾಕಿದಳು.

ಕನ್ನಡದಲ್ಲಿ ಬರೆಯುವುದು ಹಾಸ್ಟೆಲಿನಲ್ಲಿ ಹತ್ತಿದ ಅಭ್ಯಾಸ. ಅಲ್ಲಿ ಕನ್ನಡ ಓದಲು ಬರುವವರು ಯಾರೂ ಇರಲಿಲ್ಲವಾದ್ದರಿಂದ ಡೈರಿಗೆ ಬೀಗ ಬೇಕಿರಲಿಲ್ಲ. ಮೂರನೇ ಕ್ಲಾಸಿನಿಂದ ಪಿಯುಸಿ ಮುಗಿಯುವವರೆಗೆ ಅಲ್ಲೇ. ಈಗ ಪುಟ್ಟೇನಹಳ್ಳಿಯ ನಮ್ಮ ಮನೆ, ನನ್ನದೇ ರೂಮು. ಲೈಟು ನನಗೆ ಬೇಕಾದಾಗ ಆರಿಸಬಹುದು. ಇದನ್ನು ಯಾರಿಗಾದರೂ ಹೇಳಿದರೆ ನಗುತ್ತಾರೆ, ಆದರೆ ಮನೆಗೆ ಬಂದು ಮೂರು ತಿಂಗಳಾದರೂ ಸ್ವಿಚ್ಚಿನ ಮೇಲೆ ಕೈ ಇಟ್ಟಾಗಲೆಲ್ಲ ಖುಷಿಯಾಗುತ್ತದೆ.

ಆಗಸ್ಟ್ 21, ಗುರುವಾರ

ಹಾಜರಿ ಕಡಿಮೆ ಇದೆ ಎಂದು ಕಾಲೇಜಿನಿಂದ ಅಪ್ಪನ ಫೋನಿಗೆ ಮೆಸೇಜ್ ಬಂದಿದೆ. ಬೈಯುತ್ತಾರೆ ಅಂದುಕೊಂಡೆ. ಬೈಯಲಿಲ್ಲ. ಸೈಟಿನಿಂದ ಬಂದವರು ಕೈಕಾಲು ತೊಳೆದು ಸೋಫಾದಲ್ಲಿ ನನ್ನ ಪಕ್ಕವೇ ಕೂತರು.

"ಬಸ್ಸಲ್ಲಿ ಏನಾಗುತ್ತೋ ನಿಂಗೆ?"

"ಏನಿಲ್ಲ. ರಶ್ ಇರುತ್ತೆ."

"ಹೋಗಿಬರೋದು ಕಷ್ಟ ಅಂದ್ರೆ ಕಾಲೇಜ್ ಹಾಸ್ಟೆಲ್ ಇದೆಯಲ್ಲೋ. ನಿಂಗೇನು ಹೊಸದಾ? ಹತ್ತು ವರ್ಷ ಚೆನ್ನಾಗೇ ಇದ್ದೆ."

"ನೀವು ಹೇಗೆ ಹೇಳ್ತೀರೋ ಹಾಗೆ" ಅಂದೆ.

ಕೆಳಗೆ ಕೂತು ಬೆಳ್ಳುಳ್ಳಿ ಸುಲಿಯುತ್ತಿದ್ದ ಅಜ್ಜಿ ನಕ್ಕಳು. "ಏನ್ಲಾ ಸತೀಸ, ನಿನ್ ಮಗ ಎತ್ತಪ್ಪನ್ನೇ ನೀವು ತಾವು ಅಂತಾನೆ? ಎಣ್ಣು ನೋಡಾಕ್ ಬಂದವ್ನಂಗೆ ಕುಂತವ್ನೆ."

ಅಪ್ಪನೂ ನಕ್ಕರು. ನಾನೂ ನಕ್ಕೆ.

ಹಾಸ್ಟೆಲ್ ಬೇಡ. ನೋಡಿ, ಬರೆಯಲು ಎಷ್ಟು ಸುಲಭ. ಸೋಫಾದಲ್ಲಿ ಮಾತ್ರ ಬಾಯಿಗೆ ಬರಲಿಲ್ಲ.

ಆಗಸ್ಟ್ 24, ಭಾನುವಾರ

ಅಪ್ಪ ಬೈಕ್ ಕಲಿಸಲು ತಮ್ಮ ಹೊಸ ಲೇಔಟಿಗೆ ಕರೆದುಕೊಂಡು ಹೋದರು. ರಸ್ತೆ ಆಗಿದೆ, ಮನೆ ಒಂದೂ ಇಲ್ಲ. ಬೀಳಲು ಒಳ್ಳೆಯ ಜಾಗ. "ಕ್ಲಚ್ ನಿಧಾನಕ್ಕೆ ಬಿಡೋ, ನಿಧಾನಕ್ಕೆ, ಲೋ!" ಅನ್ನುವಷ್ಟರಲ್ಲಿ ಬೈಕು ಎಗರಿ ಚರಂಡಿ ದಾಟಿ ಪಾರ್ಥೇನಿಯಂ ಗಿಡಗಳ ಮಧ್ಯೆ ಮಲಗಿತು. ನಾನು ಅದರ ಪಕ್ಕ.

ಜೆಸಿಬಿ ಓಡಿಸುವ ಮುನೇಶಣ್ಣ ಆ ಕಡೆಯಿಂದ ಕೂಗಿದ: "ಸಣ್ಣ ಯಜಮಾನ್ರು ಸೈಟ್ ಅಳೀತಾವ್ರಾ?"

ಅಪ್ಪ ನಗಲಿಲ್ಲ. ಬೈಯಲೂ ಇಲ್ಲ. ಬೈಕನ್ನೆತ್ತಿ, ನನ್ನನ್ನು ಹಿಂದೆ ಕೂರಿಸಿಕೊಂಡು ಮನೆಗೆ ಬಂದರು. ದಾರಿಯುದ್ದಕ್ಕೂ ಅವರ ಶರ್ಟಿನ ಬೆನ್ನು ನೋಡಿದೆ.

ಆಗಸ್ಟ್ 29, ಶುಕ್ರವಾರ

ಮನೆಯಲ್ಲಿ ನನ್ನ ಪ್ರಯಾಣದ ಬಗ್ಗೆ ಸಭೆ. ಕಾರಿನಲ್ಲಿ ಬಿಡೋಣ ಅಂದರೆ ಬೆಳಗ್ಗೆ ಕಾರು ಸೈಟಿಗೆ ಬೇಕು. ಆಟೋದವರು ಚಿಕ್ಕಬಾಣಾವರ ಅಂದ ತಕ್ಷಣ ಕ್ಯಾನ್ಸಲ್ ಮಾಡುತ್ತಾರೆ. ಬೈಕ್ ಟ್ಯಾಕ್ಸಿ ಇವತ್ತು ಇದೆ, ನಾಳೆ ಇಲ್ಲ. ಎಲೆಕ್ಟ್ರಿಕ್ ಸ್ಕೂಟರಿಗೂ ಲೈಸೆನ್ಸ್ ಬೇಕು, ಲೈಸೆನ್ಸಿಗೆ ಟೆಸ್ಟ್ ಕೊಡಬೇಕು. ಟೆಸ್ಟ್ ಅಂದರೆ ನನಗೆ ಪಾರ್ಥೇನಿಯಂ ವಾಸನೆ ಬರುತ್ತದೆ.

ಎಲೆಕ್ಟ್ರಿಕ್ ಸೈಕಲ್ ಹೊಳೆದದ್ದು ಅಮ್ಮನ ತಲೆಗೆ. "ಲೈಸೆನ್ಸ್ ಬೇಡ, ನಂಬರ್ ಪ್ಲೇಟ್ ಬೇಡ. ಸುಸ್ತಾದ್ರೆ ಮೋಟರ್ ಎಳ್ಕೊಂಡು ಹೋಗುತ್ತೆ, ಚಾರ್ಜ್ ಮುಗಿದ್ರೆ ತುಳ್ಕೊಂಡು ಹೋಗ್ಬಹುದು."

"ಅದು ಗಾಡಿನೋ ಸೈಕಲ್ಲೋ?" ಅಂದರು ಅಪ್ಪ. "ಮನೆ ಮುಂದೆ ಜೆಸಿಬಿ ನಿಂತಿದೆ, ಟಿಪ್ಪರ್ ನಿಂತಿದೆ. ಸತೀಶನ ಮಗ ಸೈಕಲ್ ತುಳಿಯೋದಾ?"

"ನೀವು ತುಳೀತಿರ್ಲಿಲ್ವಾ ಆಲಿನ ಕ್ಯಾನ್ ಕಟ್ಕೊಂಡು ಯಲಹಂಕಕ್ಕೆ?" ಅಂದಳು ಅಮ್ಮ, ಅಜ್ಜಿಯ ದನಿಯಲ್ಲೇ. ಅಜ್ಜಿಗೆ ಖುಷಿ.

ಕೊನೆಗೆ ಅಪ್ಪ ಒಪ್ಪಿದರು. "ದೀಪಾವಳಿವರೆಗೂ ನೋಡೋಣ. ಆಗ್ಲಿಲ್ಲ ಅಂದ್ರೆ ಹಾಸ್ಟೆಲ್. ಸರೀನಾ?"

"ಸರಿ."

ಸೆಪ್ಟೆಂಬರ್ 4, ಗುರುವಾರ

ಮೊದಲ ದಿನ. ಬರೆದಿಡಬೇಕು.

ಪೆಡಲ್ ಮೇಲೆ ಕಾಲಿಟ್ಟು ಒಂದು ಸುತ್ತು ತುಳಿದರೆ ಸಾಕು, ಹಿಂದಿನಿಂದ ಯಾರೋ ಕೈ ಹಾಕಿ ನೂಕಿದ ಹಾಗೆ ಮುಂದೆ ಹೋಗುತ್ತದೆ. ಸದ್ದೇ ಇಲ್ಲ. ಅಟ್ಟೂರು ಲೇಔಟಿನ ಮನೆಗಳ ಒಳಗಿನ ಮಿಕ್ಸಿ ಸದ್ದು, ಟಿವಿಯ ಭವಿಷ್ಯ, ಯಾರನ್ನೋ ಯಾರೋ ಏಳಿಸುತ್ತಿರುವುದು, ಎಲ್ಲ ಕೇಳುತ್ತದೆ. ಬಸ್ಸಿನಲ್ಲಿ ಇದೇ ರಸ್ತೆ ಬರೀ ಹಾರನ್ನಾಗಿತ್ತು. ಎದೆ ಹೊಡೆದುಕೊಂಡಾಗ ಒಂದು ಮರದ ಕೆಳಗೆ ನಿಲ್ಲಿಸಿದೆ. ಯಾರನ್ನೂ ಕೇಳಬೇಕಾಗಿರಲಿಲ್ಲ. ನಿಲ್ಲಿಸಬಹುದು ಅಂತ ಗೊತ್ತಾದ ಮೇಲೆ ಮತ್ತೆ ನಿಲ್ಲಿಸುವ ಅಗತ್ಯ ಬೀಳಲಿಲ್ಲ.

ಮುಖ್ಯವಾಗಿ, ಯಾರ ಜೊತೆಗೂ ಮಾತಾಡದೆ ಕಾಲೇಜು ತಲುಪಿದೆ. ಇದೇ ಇದರ ದೊಡ್ಡ ಗುಣ.

ಸೆಪ್ಟೆಂಬರ್ 10, ಬುಧವಾರ

ಅವಗುಣಗಳೂ ಇವೆ.

ಸದ್ದಿಲ್ಲದ್ದರಿಂದ ನಾನು ಬರುವುದು ಯಾರಿಗೂ ಗೊತ್ತಾಗುವುದಿಲ್ಲ. ಫೋನಿನಲ್ಲಿ ಮಾತಾಡುತ್ತ ರಸ್ತೆ ದಾಟುವವರು ಕೊನೇ ಕ್ಷಣದಲ್ಲಿ ಹೌಹಾರಿ ಬೈಯುತ್ತಾರೆ. ನಾಯಿಗಳಿಗೆ ಮಾತ್ರ ಗೊತ್ತಾಗುತ್ತದೆ. ಸ್ಕೂಟರಿನವರಿಗೆ ನಾನು ನಿಧಾನ, ಸೈಕಲಿನವರಿಗೆ ಜೋರು. ಎಡಪಕ್ಕ ಗುಂಡಿ, ಬಲಪಕ್ಕ ಟ್ಯಾಂಕರ್.

ಕಾಲೇಜಿನಲ್ಲಿ ಟೂ-ವ್ಹೀಲರ್ ಸ್ಟ್ಯಾಂಡಿಗೆ ಸ್ಟಿಕರ್ ಬೇಕು, ಸ್ಟಿಕರಿಗೆ ಆರ್‌ಸಿ ಬೇಕು. ಇದಕ್ಕೆ ಆರ್‌ಸಿ ಇಲ್ಲ. ಸೈಕಲ್ ಸ್ಟ್ಯಾಂಡಿಗೆ ಹೋದರೆ "ಮೋಟರ್ ಐತಲ್ಲ, ಆ ಕಡೆ ಹಾಕಪ್ಪ" ಅಂದರು ವಾಚ್‌ಮನ್. ಎರಡರ ಮಧ್ಯದ ಕಾಂಪೌಂಡಿಗೆ ಒರಗಿಸಿ, ಕಳ್ಳರ ಭಯಕ್ಕೆ ಬ್ಯಾಟರಿ ಬಿಚ್ಚಿಕೊಂಡು ಮೂರನೇ ಮಹಡಿ ಹತ್ತಿದೆ. ಕೂಸಿನ ಹಾಗೆ ಎತ್ತಿಕೊಂಡು ಹೋದದ್ದನ್ನು ಇಡೀ ಕ್ಲಾಸು ನೋಡಿತು.

"ಮಗಾ, ನನ್ನ ಬಿರಿಯಾನಿ ಎಲ್ಲಿ? ನಲವತ್ತು ನಿಮಿಷ ಆಯ್ತು" ಅಂದ ಆತಿಫ್, ಹಿಂದಿನ ಬೆಂಚಿನವನು. ಎಲ್ಲರೂ ನಕ್ಕರು. ಈ ಥರ ಸೈಕಲ್ಲಿನಲ್ಲಿ ಓಡಾಡುವವರೆಲ್ಲ ಡೆಲಿವರಿಯವರೇ ಅಂತ ಊರಿನ ಲೆಕ್ಕ. ಸಂಜೆ ವಾಪಸ್ಸು ಬರುವಾಗ ಅಪಾರ್ಟ್‌ಮೆಂಟ್ ಒಂದರ ಮುಂದೆ ಒಬ್ಬ ಆಂಟಿ ನಿಜವಾಗಿಯೂ ಕೈ ಚಾಚಿ "ಪಾರ್ಸಲ್ ಕೊಡಿ" ಅಂದರು. ನಾನು ಸಾರಿ ಕೇಳಿದೆ. ಯಾಕೆ ಸಾರಿ ಕೇಳಿದೆನೋ.

ಸೆಪ್ಟೆಂಬರ್ 18, ಗುರುವಾರ

ಲ್ಯಾಬಿನಲ್ಲಿ ನನ್ನ ಜೊತೆಗಾರ್ತಿ ರುಮಾನಾ. ಆರ್.ಟಿ. ನಗರದಿಂದ ಎರಡು ಬಸ್ಸು ಬದಲಿಸಿ ಬರುತ್ತಾಳೆ. ಕ್ಯಾಂಟೀನಿನಲ್ಲಿ ತಾನಾಗಿಯೇ ಎದುರು ಬಂದು ಕೂತಳು.

"ಅದೇನೋ ನಿನ್ ಗಾಡಿ, ಬಸ್ಸಿಗಿಂತ ಬೆಸ್ಟಾ?"

ಬೆಸ್ಟ್ ಅಂದೆ. ಬಸ್ಸಿಗೆ ಕಾಯಬೇಕು, ಇದಕ್ಕೆ ಕಾಯಬೇಕಿಲ್ಲ. ಬಸ್ಸು ನನಗೋಸ್ಕರ ನಿಲ್ಲುವುದಿಲ್ಲ.

"ನಿಲ್ಲಲ್ಲ, ಒಪ್ಕೋತೀನಿ. ಆದ್ರೆ ನಂಗೆ ಫ್ರೀ. ಸೀಟ್ ಸಿಕ್ರೆ ನಿದ್ದೆ ಮಾಡ್ತೀನಿ. ನೀನು ಅದ್ರ ಮೇಲೆ ನಿದ್ದೆ ಮಾಡು ನೋಡೋಣ."

"ಮಳೆ ಬಂದ್ರೆ?" ಅಂತ ಅವಳೇ ಕೇಳಿದಳು. ನೆನೆಯುತ್ತೇನೆ ಅಂದೆ. "ಕೆಟ್ಟು ನಿಂತ್ರೆ?" ಅಂದಳು. ಇನ್ನೂ ಕೆಟ್ಟಿಲ್ಲ ಅಂದೆ.

"ಬಸ್ ಕೆಟ್ಟು ನಿಂತ್ರೆ ಐವತ್ತು ಜನ ಜೊತೇಲಿ ನಿಂತಿರ್ತೀವಿ ಕಣೋ. ಬೈಕೊಂಡು, ನಗಾಡ್ಕೊಂಡು. ನಿಂದು ಕೆಟ್ರೆ ನೀನೊಬ್ನೇ."

ನನಗೆ ಅದೇ ಬೇಕು ಅಂತ ಅವಳಿಗೆ ಹೇಗೆ ಹೇಳುವುದು. ಹೇಳಲಿಲ್ಲ. ಅವಳು ನನ್ನ ತಟ್ಟೆಯಿಂದ ಒಂದು ಬೋಂಡ ತೆಗೆದುಕೊಂಡು ಹೋದಳು.

ಹಾಜರಿ ಮೇಲೆ ಬಂದಿದೆ. ಒಂದು ದಿನವೂ ತಪ್ಪಿಸಿಲ್ಲ.

ಅಕ್ಟೋಬರ್ 1, ಬುಧವಾರ. ಆಯುಧಪೂಜೆ

ಹತ್ತು ವರ್ಷದಲ್ಲಿ ಮೊದಲ ಸಲ ಈ ಹಬ್ಬಕ್ಕೆ ಮನೆಯಲ್ಲಿದ್ದೆ. ಹಾಸ್ಟೆಲಿನಲ್ಲಿ ಆ ದಿನ ಬರೀ ರಜೆ.

ಬೆಳಗ್ಗೆಯೇ ಅಂಗಳದಲ್ಲಿ ಗಾಡಿಗಳ ಸಾಲು. ಜೆಸಿಬಿ ಮೊದಲು, ಆಮೇಲೆ ಟಿಪ್ಪರ್, ಕಾಂಕ್ರೀಟ್ ಮಿಕ್ಸರ್, ಕಾರು, ಬೈಕುಗಳು. ಮುಂದೆ ಚಾಪೆಯ ಮೇಲೆ ಹಾರೆ, ಗುದ್ದಲಿ, ಗಾರೆ ಕರಣೆಗಳು, ಅಮ್ಮನ ಹೊಲಿಗೆ ಮಷೀನು. ನನ್ನ ಸೈಕಲ್ ಮೆಟ್ಟಿಲ ಕೆಳಗೇ ಇತ್ತು. ಅಜ್ಜಿ ನೋಡಿ, "ಅದ್ಯಾಕ್ಲಾ ಒಳಗೈತೆ? ಅದೂ ಕರೆಂಟ್ ತಿನ್ನಲ್ವಾ? ತಕ್ಕೊಂಡ್ ಬಾ" ಅಂದಳು. ತಂದು ಬೈಕುಗಳ ಆಚೆ, ಕೊನೆಯಲ್ಲಿ ನಿಲ್ಲಿಸಿದೆ. ಅಪ್ಪ ಬಂದು, ಏನೂ ಹೇಳದೆ, ಅದನ್ನೆತ್ತಿ ಜೆಸಿಬಿ ಪಕ್ಕ ಇಟ್ಟರು. ಹಳದಿ ಬಕೆಟ್ಟಿನ ಕೆಳಗೆ ನನ್ನ ಸೈಕಲ್ ಮೇಕೆಮರಿಯ ಹಾಗೆ ಕಾಣುತ್ತಿತ್ತು.

ಗಾಡಿ ತೊಳೆಯುವುದು ಮುನೇಶಣ್ಣನ ಕೆಲಸ. ಜೆಸಿಬಿಯ ಮಣ್ಣು ಬಿಡಿಸುವ ಪ್ರೆಶರ್ ಪೈಪು ಹಿಡಿದು ಅವನು ಟಿಪ್ಪರಿನವರೆಗೆ ಬಂದಿದ್ದ. ಅಪ್ಪ "ಕೊಡು ಇಲ್ಲಿ" ಅಂತ ಪೈಪು ಇಸಿದುಕೊಂಡರು. ಪಂಚೆ ಎತ್ತಿ ಕಟ್ಟಿ, ನನ್ನ ಸೈಕಲಿನ ಮುಂದೆ ಕುಕ್ಕರಗಾಲಲ್ಲಿ ಕೂತು ತೊಳೆಯಲು ಶುರು ಮಾಡಿದರು. ಚೈನು, ಕಡ್ಡಿಗಳು, ಮಡ್ಗಾರ್ಡಿನ ಒಳಗೆ. ಹಿಂದಿನ ಚಕ್ರದ ಮೋಟರಿನ ಮೇಲೆ. ವೈರುಗಳು ಒಳಹೋಗುವ ಜಾಗದ ಮೇಲೆ. ಹ್ಯಾಂಡಲ್ಲಿನ ಪುಟ್ಟ ಸ್ಕ್ರೀನಿನ ಮೇಲೆ.

ಜೋರು ನೀರು ಹೊಡೆಯಬಾರದು ಅಂತ ಸೈಕಲಿನ ಜೊತೆ ಬಂದ ಪುಸ್ತಕದ ಮೊದಲ ಪುಟದಲ್ಲೇ ಇದೆ, ದಪ್ಪ ಅಕ್ಷರದಲ್ಲಿ. ನಾನು ಎರಡು ಅಡಿ ದೂರದಲ್ಲಿ ನಿಂತಿದ್ದೆ.

"ಎಷ್ಟು ಧೂಳು ಹಿಡಿಸಿದೀಯೋ" ಅಂದರು, ತಿರುಗದೆ. ಬೈಗುಳದ ದನಿ ಅಲ್ಲ. ಹಲ್ಲುಜ್ಜುವ ಬ್ರಷ್ ತರಿಸಿ ಕಡ್ಡಿ ಕಡ್ಡಿಯನ್ನೂ ಉಜ್ಜಿದರು. ಅವರ ಕತ್ತಿನ ಹಿಂದೆ ಸೋಪಿನ ನೊರೆ ಹಾರಿ ಕೂತಿತ್ತು. ಅವರು ನನ್ನದು ಅನ್ನುವ ಒಂದು ವಸ್ತುವಿನ ಮುಂದೆ ಇಷ್ಟು ಹೊತ್ತು ಕೂತದ್ದನ್ನು ನಾನು ನೋಡಿರಲಿಲ್ಲ. ಬಾಯಿ ತೆಗೆದೆ. ಮುಚ್ಚಿದೆ.

ಪೂಜೆ ಆಯಿತು. ಸೇವಂತಿಗೆ ಹಾರ, ಬಾಳೆಕಂದು, ಕುಂಬಳಕಾಯಿ. ಎಲ್ಲರೂ ಅವರವರ ಗಾಡಿ ಸ್ಟಾರ್ಟ್ ಮಾಡಿ, ಹಾರನ್ ಹೊಡೆದು, ನಿಂಬೆಹಣ್ಣಿನ ಮೇಲೆ ಹತ್ತಿಸಿದರು. ನನ್ನ ಸರದಿ. ಬಟನ್ ಒತ್ತಿದೆ. ಸ್ಕ್ರೀನು ಹತ್ತಿ, ಎರಡು ಸಲ ಮಿಣುಕಿ, ಆರಿಹೋಯಿತು.

"ಏನಾಯ್ತೋ?"

"ಚಾರ್ಜ್ ಹಾಕಿಲ್ಲ" ಅಂದೆ.

ತುಳಿದೆ. ತೆಳು ಚಕ್ರಕ್ಕೆ ನಿಂಬೆಹಣ್ಣು ಜಾರಿ ಪಕ್ಕಕ್ಕೆ ಹೋಯಿತು. ಎಲ್ಲರೂ ಹೋ ಅಂದರು. ಅಪ್ಪ ಬಗ್ಗಿ ಅದನ್ನು ಮತ್ತೆ ಚಕ್ರದ ಕೆಳಗಿಟ್ಟು, ಅಲುಗಾಡದ ಹಾಗೆ ಎರಡು ಬೆರಳಲ್ಲಿ ಹಿಡಿದು, "ಈಗ ಹತ್ಸು" ಅಂದರು.

ಅಕ್ಟೋಬರ್ 3, ಶುಕ್ರವಾರ

ಹತ್ತುತ್ತಿಲ್ಲ. ಬಿಸಿಲಿಗಿಟ್ಟೆ, ಅಮ್ಮನ ಹೇರ್ ಡ್ರೈಯರ್ ಹಿಡಿದೆ. ಕಂಪನಿಯ ಆ್ಯಪಿನಲ್ಲಿ ದೂರು ಕೊಟ್ಟರೆ "ಗಾಡಿಗೆ ಏನಾಯಿತು" ಎಂದು ಕೇಳುತ್ತದೆ. ಏನಂತ ಬರೆಯಲಿ. ಖಾಲಿ ಬಿಟ್ಟೆ. ಖಾಲಿ ಬಿಟ್ಟರೆ ಮುಂದಕ್ಕೇ ಹೋಗುವುದಿಲ್ಲ ಅದು.

ಅಕ್ಟೋಬರ್ 6, ಸೋಮವಾರ

ತುಳಿದುಕೊಂಡು ಹೋದೆ. ಸತ್ತ ಮೋಟರು ಹೊತ್ತ ಸೈಕಲ್ ಎಷ್ಟು ಭಾರ ಅಂದರೆ, ಮಾಮೂಲಿ ಸೈಕಲ್ ತುಳಿಯುವ ಮುದುಕರು ಗಂಟೆ ಬಾರಿಸಿ ನನ್ನನ್ನು ದಾಟಿ ಹೋದರು. ಮೊದಲ ಪೀರಿಯಡ್ ಹೋಯಿತು. ಕಾಲು ನಡುಗುತ್ತಿದೆ. ಇಷ್ಟೇ.

ಅಕ್ಟೋಬರ್ 9, ಗುರುವಾರ

ಬ್ಯಾಟರಿ ಬಿಚ್ಚಿ ಮನೆಯಲ್ಲೇ ಇಟ್ಟೆ. ಸ್ವಲ್ಪ ಹಗುರ. ಸಿಂಗಾಪುರದ ಹತ್ತಿರ ಇಳಿದು ತಳ್ಳಿದೆ.

ಅಕ್ಟೋಬರ್ 15, ಬುಧವಾರ

ಮೋಟರ್ ಇದ್ದಷ್ಟು ದಿನ ಈ ರಸ್ತೆಯಲ್ಲಿ ಏರು ಇದೆ ಅಂತಲೇ ನನಗೆ ಗೊತ್ತಿರಲಿಲ್ಲ. ಈಗ ಒಂದೊಂದೂ ಗೊತ್ತು. ಸಿಂಗಾಪುರ ಕೆರೆ ದಾಟಿದ ಮೇಲೆ ಒಂದು, ಕಣ್ಣಿಗೆ ಸಮತಟ್ಟಾಗಿ ಕಂಡು ತೊಡೆಗೆ ಮಾತ್ರ ಸಿಗುವಂಥದ್ದು. ಅಲ್ಲಿ ಎಳನೀರಿನವರೊಬ್ಬರು ಕೂರುತ್ತಾರೆ. ಮುನಿನಾರಾಯಣಮ್ಮ ಅಂತ ಹೆಸರು. ನನ್ನ ಮುಖ ನೋಡಿ ಮೊದಲ ದಿನ ದುಡ್ಡು ಕೇಳದೆ ನೀರು ಕೊಟ್ಟರು. ಈಗ ದಿನಾ ನಿಲ್ಲುತ್ತೇನೆ. "ಇವತ್ತೂ ಕರೆಂಟ್ ಬರ್ಲಿಲ್ವೇನಪ್ಪ ನಿನ್ ಗಾಡಿಗೆ?" ಅಂತಾರೆ. "ಬೆಸ್ಕಾಮ್‌ಗೆ ಫೋನ್ ಮಾಡಿದೀನಿ ಅಮ್ಮ" ಅಂತೀನಿ.

ಆತಿಫ್ ಕೇಳಿದ, ಏನ್ ಮಗಾ, ತುಳ್ಕೊಂಡೇ ಬರ್ತಿದೀಯಂತೆ? ಹೌದು ಅಂದೆ, ನಿನ್ನ ಬಿರಿಯಾನಿ ಇನ್ನೂ ಲೇಟಾಗುತ್ತೆ. ಅವನು ಬೆನ್ನಿಗೆ ಗುದ್ದಿದ. ಮಧ್ಯಾಹ್ನ ಅವನ, ರುಮಾನಾಳ ಜೊತೆ ಊಟ.

ಸಂಜೆ ಮಳೆ. ಸೈಕಲ್ ಕಾಲೇಜಿನಲ್ಲೇ ಬಿಟ್ಟು ರುಮಾನಾ ಜೊತೆ ಬಸ್ಸು ಹತ್ತಿದೆ. ನಿಂತುಕೊಂಡೇ ಬಂದೆ. ಅವಳು ಎಂ.ಎಸ್. ಪಾಳ್ಯದವರೆಗೂ ಅವಳ ಅಕ್ಕನ ಮದುವೆಯ ಬಿರಿಯಾನಿ ಗಲಾಟೆ ಹೇಳುತ್ತಿದ್ದಳು. ಕಥೆ ಮುಗಿಯಲೇ ಇಲ್ಲ, ನಾಳೆ ಕೇಳಬೇಕು.

ಅಕ್ಟೋಬರ್ 22, ಬುಧವಾರ. ದೀಪಾವಳಿ

ಹಾಜರಿ ಸಾಕಾಗುವಷ್ಟಿದೆ. ಅಪ್ಪನಿಗೆ ತೋರಿಸಿದೆ. ನೋಡಿದರು. ಆದರೆ ನನ್ನ ಕಾಲನ್ನೂ ನೋಡಿದರು. ನಿನ್ನೆ ಪಟಾಕಿ ಹಚ್ಚುವ ಹೊತ್ತಿಗೆ ನಾನು ಸೋಫಾದಲ್ಲೇ ನಿದ್ದೆ ಹೋಗಿದ್ದೆನಂತೆ.

"ಕೆಟ್ಟೋಗಿದೆ ಅಲ್ವಾ ಅದು?" ಅಂದರು.

"ಹೂಂ."

"ನಾನ್ ಅವತ್ತೇ ಹೇಳ್ದೆ. ಒಂದು ತಿಂಗಳು ಬಾಳಲ್ಲ ಇಂಥ ಮಾಲು. ಎಂಜಿನ್ ಇಲ್ದಿರೋ ಗಾಡಿ ಗಾಡಿನಾ?"

ಉಳಿದ ಪಟಾಕಿ ಎತ್ತಿಕೊಂಡು ಹೊರಗೆ ಹೋದೆ.

ಅಕ್ಟೋಬರ್ 28, ಮಂಗಳವಾರ

ಅಪ್ಪ ಕಾಲೇಜಿಗೆ ಹೋಗಿ ಹಾಸ್ಟೆಲಿನವರ ಜೊತೆ ಮಾತಾಡಿ ಬಂದಿದ್ದಾರೆ. ಭಾನುವಾರ ಸೇರಬೇಕಂತೆ. ನನಗೆ ಕಿಟಕಿ ಪಕ್ಕದ ಮಂಚವೇ ಬೇಕು ಅಂತ ಜಗಳ ಮಾಡಿ ಹಿಡಿದಿದ್ದಾರಂತೆ. ಹೊಸ ಹಾಸಿಗೆ ತಂದಿದ್ದಾರೆ. ಅಮ್ಮ ಟ್ರಂಕು ಒರೆಸುತ್ತಿದ್ದಾಳೆ, ಮುಖ ತಿರುಗಿಸಿಕೊಂಡು.

ಕಿಟಕಿ ಪಕ್ಕದ ಮಂಚಕ್ಕೆ ಜಗಳ ಮಾಡಿದವರಿಗೆ ಬೇಡ ಅಂತ ಹೇಗೆ ಹೇಳುವುದು?

ಅಕ್ಟೋಬರ್ 30, ಗುರುವಾರ

ಉಂಡು ಬಂದವನೇ ಬರೆಯಲು ಕೂತಿದ್ದೇನೆ.

ಸಂಜೆ ಕಾಲೇಜಿನಿಂದ ಬಂದಾಗ ಮುನೇಶಣ್ಣ ನನ್ನ ಸೈಕಲನ್ನು ಗುಜರಿ ಆಟೋಗೆ ಹಾಕುತ್ತಿದ್ದ. ನಾನು ಇವತ್ತು ಬಸ್ಸಿನಲ್ಲಿ ಹೋಗಿದ್ದೆ, ದಾರಿಯಲ್ಲೇ ರುಮಾನಾಗೆ ನೋಟ್ಸ್ ಕೊಡಬೇಕಿತ್ತು. "ಯಜಮಾನ್ರು ಹೇಳವ್ರೆ ಸಾಮಿ, ಹಾಸ್ಟೆಲಲ್ಲಿ ಇದ್ಯಾಕೆ ಅಂತ." ಸೈಕಲ್ ಇಳಿಸಿದೆ. ಆಟೋದವನಿಗೆ ಹೋಗಲು ಹೇಳಿದೆ. ಒಳಗೆ ಹೋದೆ. ಅಪ್ಪ ಟಿವಿ ನೋಡುತ್ತ ಕೂತಿದ್ದರು.

"ಸೈಕಲ್ ಕೆಟ್ಟ ಮಾಲಲ್ಲ" ಅಂದೆ. "ನೀರು ಹೋಗಿ ಕೆಟ್ಟಿದ್ದು. ಆಯುಧಪೂಜೆ ದಿನ. ಪ್ರೆಶರ್ ಪೈಪಲ್ಲಿ ತೊಳೀಬಾರ್ದು ಅದನ್ನ."

ಅವರು ನನ್ನನ್ನೇ ನೋಡಿದರು. "ತೊಳೆದಿದ್ದು ನಾನು."

"ಹೌದು. ನೀನೇ."

ಅಡುಗೆಮನೆಯಲ್ಲಿ ಸೌಟಿನ ಸದ್ದು ನಿಂತಿತು.

"ಮತ್ತೆ ಅಲ್ಲೇ ನಿಂತಿದ್ಯಲ್ಲೋ! ಬಾಯಲ್ಲಿ ಏನಿಟ್ಕೊಂಡಿದ್ದೆ? ಅಪ್ಪ ನಿಲ್ಸು ಅಂದಿದ್ರೆ ಆಗ್ತಿರ್ಲಿಲ್ವಾ?"

"ನೀನು ಅಷ್ಟು ಚೆನ್ನಾಗಿ ತೊಳೀತಿದ್ದೆ."

ನನಗೆ ನಿಲ್ಲಿಸಲು ಆಗಲಿಲ್ಲ. ಹಾಸ್ಟೆಲ್ ಬೇಡ ಅಂದೆ. ಆ ಹಾಸ್ಟೆಲೂ ಬೇಡವಾಗಿತ್ತು ಅಂದೆ. ಮೂರನೇ ಕ್ಲಾಸಿನಲ್ಲೇ ಬೇಡವಾಗಿತ್ತು. ದನಿ ಎಷ್ಟು ಜೋರಾಗಿತ್ತೋ, ಅಜ್ಜಿ ಎದ್ದು ಬಂದಳು.

"ಪ್ರತಿ ಭಾನುವಾರ ಫೋನಲ್ಲಿ ಐ ಆಮ್ ಫೈನ್ ಅಂತಿದ್ದೆ" ಅಂದ ಅಪ್ಪ, ಬಹಳ ನಿಧಾನಕ್ಕೆ. "ಐ ಆಮ್ ಫೈನ್ ಡ್ಯಾಡಿ. ನಾನು ಸ್ಪೀಕರ್ ಹಾಕಿ ಎಲ್ರಿಗೂ ಕೇಳಿಸ್ತಿದ್ದೆ. ಮುನೇಶನಿಗೆ, ಬಾಡಿಗೆಯೋರಿಗೆ. ನನ್ ಮಗ ಇಂಗ್ಲಿಷ್ ಮಾತಾಡ್ತಾನೆ ಕೇಳ್ರೋ ಅಂತ."

"ವಾರ್ಡನ್ ಪಕ್ಕದಲ್ಲೇ ನಿಂತಿರ್ತಿದ್ದ."

ಟಿವಿಯಲ್ಲಿ ಯಾವುದೋ ಧಾರಾವಾಹಿಯವರು ಅಳುತ್ತಿದ್ದರು. ಅಪ್ಪ ರಿಮೋಟ್ ಹುಡುಕಿ ಆರಿಸಿದ. ಅಜ್ಜಿ ನನ್ನ ತಲೆ ಮೇಲೆ ಕೈ ಇಟ್ಟು, "ಉಣ್ಣೋಗು" ಅಂದಳು.

ಉಂಡೆ.

ನವೆಂಬರ್ 1, ಶನಿವಾರ

ಬೆಳಗ್ಗೆ ಸೈಕಲ್ ತಳ್ಳಿಕೊಂಡು ಗೇಟು ದಾಟಿದೆ. ವಿದ್ಯಾರಣ್ಯಪುರದಲ್ಲಿ ಇಂಥವನ್ನು ರಿಪೇರಿ ಮಾಡುವ ಅಂಗಡಿ ಇದೆ ಅಂತ ಆತಿಫ್ ಹೇಳಿದ್ದ. ಅಪ್ಪ ಬನಿಯನ್ ಮೇಲೆ ಶರ್ಟು ಹಾಕಿಕೊಳ್ಳುತ್ತ ಹಿಂದೆ ಬಂದ.

"ಟೆಂಪೋಗೆ ಹಾಕಣ ಇರೋ."

"ಬೇಡ. ತಳ್ಕೊಂಡೇ ಹೋಗ್ತೀನಿ."

"ಅಷ್ಟು ದೂರ?"

"ದಿನಾ ಇನ್ನೂ ದೂರ ಹೋಗ್ತೀನಲ್ಲ."

ಅಪ್ಪ ಚಪ್ಪಲಿ ಮೆಟ್ಟಿಕೊಂಡ. "ನಡಿ."

ಅವನು ಈ ರಸ್ತೆಯಲ್ಲಿ ನಡೆದು ಎಷ್ಟು ವರ್ಷವಾಯಿತೋ. ಫುಟ್‌ಪಾತಿನ ಕಲ್ಲು ಕಿತ್ತಲ್ಲೆಲ್ಲ ನಿಂತು ಕಾಂಟ್ರ್ಯಾಕ್ಟರನ್ನು ಬೈದ. ಅಟ್ಟೂರಿನ ಬೇಕರಿ ಮುಂದೆ ಅವನ ಪರಿಚಯದವರೊಬ್ಬರು ಟೀ ಲೋಟ ಹಿಡಿದೇ ಕೂಗಿದರು: "ಏನ್ ಸತೀಶಣ್ಣ, ನಡ್ಕೊಂಡು! ಕಾರ್ ಏನಾಯ್ತು?"

"ಕಾರ್ ಚೆನ್ನಾಗೈತೆ. ಮಗನ ಸೈಕಲ್ಲಿಗೆ ನಾನೇ ನೀರು ಹೊಡ್ದು ಕೆಡಿಸಿಟ್ಟಿದೀನಿ. ರಿಪೇರಿಗೆ ಹೊಂಟಿದೀವಿ."

ಅವರು ನಕ್ಕರು. ಅಪ್ಪ ನಗಲಿಲ್ಲ. ಸ್ವಲ್ಪ ದೂರ ಬಂದ ಮೇಲೆ, "ಹಾಸ್ಟೆಲಿನೋರಿಗೆ ಮೊನ್ನೆ ರಾತ್ರಿನೇ ಫೋನ್ ಮಾಡ್ದೆ. ಬರಲ್ಲ ಅಂದೆ" ಅಂದ. ಇನ್ನೂ ಸ್ವಲ್ಪ ದೂರ ಬಂದ ಮೇಲೆ, "ಇನ್ನೇನೇನು ಹೇಳಿಲ್ಲ ನೀನು?" ಅಂದ.

"ತುಂಬ ಇದೆ."

"ಹೇಳು. ಮೂರನೇ ಕ್ಲಾಸಿಂದ ಹೇಳು."

ಹೇಳಿದೆ. ಮೊದಲ ರಾತ್ರಿ ಅಮ್ಮನ ಸೀರೆಯ ತುಂಡು ದಿಂಬಿನೊಳಗೆ ಇಟ್ಟುಕೊಂಡದ್ದು, ಒಗೆಯುವವರು ಅದನ್ನು ಒರೆಸುವ ಬಟ್ಟೆ ಅಂದುಕೊಂಡು ತೆಗೆದುಕೊಂಡು ಹೋದದ್ದು. ಫೋನಿನ ಸಾಲಿನಲ್ಲಿ ನಿಂತು ಏನೇನು ಹೇಳಬೇಕು ಅಂತ ಬಾಯಿಪಾಠ ಮಾಡಿಕೊಂಡದ್ದು. ಅಪ್ಪ ಎರಡೂ ಕೈ ಹಿಂದೆ ಕಟ್ಟಿಕೊಂಡು, ನೆಲ ನೋಡುತ್ತ ಪಕ್ಕದಲ್ಲೇ ನಡೆದ. ಸೈಕಲ್ ನಮ್ಮಿಬ್ಬರ ಮಧ್ಯೆ ಇತ್ತು. ಎಂ.ಎಸ್. ಪಾಳ್ಯ ಬರುವ ಹೊತ್ತಿಗೆ ಐದನೇ ಕ್ಲಾಸು ಮುಗಿದಿತ್ತು.

ಅಂಗಡಿ ಮುಚ್ಚಿತ್ತು. ರಾಜ್ಯೋತ್ಸವ. ಶಟರಿನ ಮುಂದೆ ಬಾವುಟ ಕಟ್ಟಿದ್ದರು, ಪಕ್ಕದ ಆಟೋ ಸ್ಟ್ಯಾಂಡಿನವರು ಸಿಹಿ ಬೂಂದಿ ಹಂಚುತ್ತಿದ್ದರು. ನಮಗೂ ಕಾಗದದಲ್ಲಿ ಕೊಟ್ಟರು. "ಥೂ, ರಜೆ ಅಂತ ನಂಗಾದ್ರೂ ಹೊಳೀಬಾರ್ದಾ" ಅಂದ ಅಪ್ಪ. ಫೋನ್ ತೆಗೆದ. ಮುನೇಶಣ್ಣನಿಗೆ ಟೆಂಪೋ ತರಲು ಹೇಳುತ್ತಾನೆ ಅಂದುಕೊಂಡೆ. ಟೈಮ್ ನೋಡಿ ಮತ್ತೆ ಜೇಬಿಗೆ ಹಾಕಿಕೊಂಡ. ಬೂಂದಿ ತಿಂದು ಕೈ ಒರೆಸಿಕೊಂಡು, ಸೈಕಲಿನ ಹ್ಯಾಂಡಲ್ ನನ್ನ ಕೈಯಿಂದ ತಾನು ತೆಗೆದುಕೊಂಡು ತಿರುಗಿಸಿದ. "ಅಬ್ಬ, ಏನ್ ಭಾರನೋ ಇದು" ಅಂದ. ಆದರೂ ಕೊಡಲಿಲ್ಲ.

ವಾಪಸ್ಸು ಬರುವಾಗ ಆರು, ಏಳು, ಎಂಟು. ಏಳನೇದರಲ್ಲಿ ಅವನು ಬೇಕರಿಯ ಎದುರು ನಿಂತುಬಿಟ್ಟ, ಕಣ್ಣಿಗೆ ಧೂಳು ಅಂದ. ನಾನು ಕಾದೆ. ಹಸಿವಾಗಿತ್ತು, ಬಿಸಿಲೇರಿತ್ತು, ಅಮ್ಮ ಎರಡು ಸಲ ಫೋನ್ ಮಾಡಿದ್ದಳು.

ಗೇಟು ಬಂತು. ಅಪ್ಪ ಸೈಕಲ್ ಸ್ಟ್ಯಾಂಡ್ ಹಾಕಿದ. ಒಳಗೆ ಹೋಗಲಿಲ್ಲ.

"ಒಂಬತ್ತನೇ ಕ್ಲಾಸಲ್ಲಿ?" ಅಂದ.